ಬೇಲಿಯೂ ಬಾಗಿಲೂ
(ದಹ್ರಾನಿನ ಕನ್ನಡ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಬ್ರೌಸರಿನಲ್ಲಿ ಬೇಡವಾದ ಜಾಲತಾಣಗಳನ್ನು ತಡೆಯುವುದು ಹೇಗೆ, ಗಮನವನ್ನು ಕದಿಯುವ ಆಕರ್ಷಣೆಗಳನ್ನು ದೂರವಿಡುವುದು ಹೇಗೆ ಎಂಬ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ತಾವು ಸೂಚಿಸಿದ್ದೀರಿ. ಮೇಲ್ನೋಟಕ್ಕೆ ಇದು ತಂತ್ರಜ್ಞಾನದ ವಿಷಯ. ಒಳಹೊಕ್ಕು ನೋಡಿದರೆ ಇದು ಮನೆವಾರ್ತೆಯ ವಿಷಯ, ಮಕ್ಕಳನ್ನು ಬೆಳೆಸುವ ವಿಷಯ. ಇದನ್ನು ವಿಚಾರಮಾಡಲು ದಹ್ರಾನಿಗಿಂತ ತಕ್ಕ ಸ್ಥಳ ಬೇರೊಂದಿಲ್ಲ. ಏಕೆಂದರೆ ಇಲ್ಲಿ ವಾಸಿಸುವವರೆಲ್ಲರೂ ಈಗಾಗಲೇ ಒಂದು ದೊಡ್ಡ ಬೇಲಿಯ ಒಳಗಿದ್ದಾರೆ.

ಆ ಬೇಲಿಯ ಚರಿತ್ರೆಯನ್ನು ಮೊದಲು ಸಂಕ್ಷೇಪವಾಗಿ ನೋಡೋಣ. ಸೌದಿ ಅರೇಬಿಯದ ವಿಶ್ವವಿದ್ಯಾಲಯಗಳಿಗೂ ಸಂಶೋಧನಾ ಸಂಸ್ಥೆಗಳಿಗೂ ಅಂತರಜಾಲವು 1990ರ ದಶಕದ ಮಧ್ಯಭಾಗದಲ್ಲಿಯೇ ತಲುಪಿತ್ತು. ಸಾರ್ವಜನಿಕರಿಗೆ ಅದು ದೊರೆತದ್ದು 1999ರಲ್ಲಿ. ಜಾಲವನ್ನು ತೆರೆಯುವ ಮೊದಲೇ ಅದನ್ನು ಸೋಸುವ ವ್ಯವಸ್ಥೆಯನ್ನು ಸರ್ಕಾರ ಸಿದ್ಧಮಾಡಿಕೊಂಡಿತ್ತು. ಹೊರದೇಶಗಳಿಂದ ಬರುವ ಪುಟಗಳೆಲ್ಲ ರಿಯಾದಿನಲ್ಲಿರುವ ದೊರೆ ಅಬ್ದುಲ್ ಅಜೀಜ್ ವಿಜ್ಞಾನ ಮತ್ತು ತಂತ್ರಜ್ಞಾನ ನಗರದ ಯಂತ್ರಗಳನ್ನು ಹಾದು ಬರಬೇಕಾಗಿತ್ತು. ಅಮೆರಿಕದ ಸ್ಮಾರ್ಟ್‌ಫಿಲ್ಟರ್ ಎಂಬ ತಂತ್ರಾಂಶದ ಪಟ್ಟಿಯೂ ಇಲ್ಲಿಯೇ ಸೇರಿಸಿದ ಮತ್ತೊಂದು ಪಟ್ಟಿಯೂ ಕೂಡಿ, ಯಾವುದು ಒಳಗೆ, ಯಾವುದು ಹೊರಗೆ ಎಂಬುದನ್ನು ತೀರ್ಮಾನಿಸುತ್ತಿದ್ದವು. ಮುಂದೆ ಈ ಹೊಣೆ ದೂರಸಂಪರ್ಕದ ಆಯೋಗಕ್ಕೆ ಹೋಯಿತು.

ಈ ವ್ಯವಸ್ಥೆಯ ಸರಿತಪ್ಪುಗಳ ವಿಮರ್ಶೆ ಇಂದಿನ ಉದ್ದೇಶವಲ್ಲ. ಅದರ ಅನುಭವದಿಂದ ಮನೆಯವರು ಕಲಿಯಬಹುದಾದ ಮೂರು ಪಾಠಗಳನ್ನು ಮಾತ್ರ ಎತ್ತಿಕೊಳ್ಳುತ್ತೇನೆ.

ಮೊದಲನೆಯದು, ಯಾವ ಪಟ್ಟಿಯೂ ಪರಿಪೂರ್ಣವಲ್ಲ. 2002ರಲ್ಲಿ ಹಾರ್ವರ್ಡಿನ ಜೊನಾಥನ್ ಝಿಟ್ರೇನ್ ಮತ್ತು ಬೆಂಜಮಿನ್ ಎಡೆಲ್ಮನ್ ಎಂಬ ವಿದ್ವಾಂಸರು ಇಲ್ಲಿನ ಸೋಸುವಿಕೆಯನ್ನು ಪರೀಕ್ಷಿಸಿದರು. ಅರವತ್ತು ಸಾವಿರಕ್ಕೂ ಹೆಚ್ಚು ಪುಟಗಳನ್ನು ನೋಡಿದಾಗ ಎರಡು ಸಾವಿರಕ್ಕೂ ಹೆಚ್ಚು ಪುಟಗಳಿಗೆ ತಡೆಯಿತ್ತು. ಅವುಗಳಲ್ಲಿ ಅಶ್ಲೀಲವಲ್ಲದ, ಆರೋಗ್ಯ, ಶಿಕ್ಷಣ, ಹಾಸ್ಯಕ್ಕೆ ಸಂಬಂಧಿಸಿದ ಪುಟಗಳೂ ಇದ್ದವು. ಇದು ಒಂದು ದೇಶದ ದೋಷವಲ್ಲ. ಇಂಗ್ಲೆಂಡಿನಲ್ಲಿ ಸ್ಕನ್‌ಥಾರ್ಪ್ ಎಂಬ ಊರಿದೆ. ಆ ಹೆಸರಿನ ನಡುವಿನ ಕೆಲವು ಅಕ್ಷರಗಳು ಕೂಡಿ ಬೈಗುಳದ ಶಬ್ದವಾಗುತ್ತವೆ ಎಂಬ ಒಂದೇ ಕಾರಣದಿಂದ 1996ರಲ್ಲಿ ಅಮೆರಿಕ ಆನ್‌ಲೈನ್ ಸಂಸ್ಥೆಯ ಯಂತ್ರ ಆ ಊರಿನವರಿಗೆ ಖಾತೆ ತೆರೆಯಲು ಬಿಡಲಿಲ್ಲ. ಯಂತ್ರಕ್ಕೆ ಅಕ್ಷರ ಕಾಣುತ್ತದೆ, ಅರ್ಥ ಕಾಣುವುದಿಲ್ಲ.

ಎರಡನೆಯದು, ಇಲ್ಲಿನ ಬೇಲಿ ತನ್ನನ್ನು ಬಚ್ಚಿಟ್ಟುಕೊಳ್ಳಲಿಲ್ಲ. ತಡೆದ ಪುಟವನ್ನು ಕೇಳಿದವನಿಗೆ, ಇದಕ್ಕೆ ಪ್ರವೇಶವಿಲ್ಲ ಎಂಬ ಸೂಚನೆ ಸ್ಪಷ್ಟವಾಗಿ ಕಾಣುತ್ತಿತ್ತು. ಈ ತಡೆಯನ್ನು ತೆಗೆಯಿರಿ ಎಂದು ಬೇಡಲು ಒಂದು ಅರ್ಜಿಯೂ ಇತ್ತು. ಇನ್ನೊಂದು ತಾಣವನ್ನು ತಡೆಯಿರಿ ಎಂದು ಕೇಳಲೂ ಅವಕಾಶವಿತ್ತು.

ಮೂರನೆಯದು, ಬೇಲಿಯನ್ನು ಕಾಲಕಾಲಕ್ಕೆ ಸರಿಸಬೇಕಾಗುತ್ತದೆ. ಅಂತರಜಾಲದ ಮೂಲಕ ಮಾಡುವ ಧ್ವನಿ ಮತ್ತು ವಿಡಿಯೊ ಕರೆಗಳ ಮೇಲಿನ ನಿರ್ಬಂಧವನ್ನು ಈ ದೇಶ 2017ರ ಸೆಪ್ಟೆಂಬರಿನಲ್ಲಿ ಸಡಿಲಿಸಿತು. ಊರಿನಲ್ಲಿರುವ ಅಜ್ಜ ಅಜ್ಜಿಯರ ಮುಖವನ್ನು ಮೊಮ್ಮಕ್ಕಳು ಪರದೆಯ ಮೇಲೆ ಕಾಣುವುದಕ್ಕೆ ಇದರಿಂದ ಎಷ್ಟು ಅನುಕೂಲವಾಯಿತೆಂಬುದನ್ನು ತಮಗೆ ನಾನು ವಿವರಿಸಬೇಕಾಗಿಲ್ಲ.

ಹಾಗಾದರೆ ಸರ್ಕಾರದ ಬೇಲಿಯೊಂದು ಇರುವಾಗ ಮನೆಗೆ ಬೇರೆ ಬೇಲಿ ಏಕೆ ಎಂದು ಕೇಳಬಹುದು. ಇದಕ್ಕೆ ಎರಡು ಉತ್ತರಗಳಿವೆ.

ಸರ್ಕಾರದ ಬೇಲಿ ನಿಷಿದ್ಧವಾದುದನ್ನು ತಡೆಯುತ್ತದೆ, ಕಾಲಹರಣವನ್ನು ತಡೆಯುವುದಿಲ್ಲ. ಓದುವ ಹುಡುಗನ ಸಂಜೆಯನ್ನು ನುಂಗುವುದು ಬಹುಮಟ್ಟಿಗೆ ನಿಷಿದ್ಧ ಪುಟವಲ್ಲ. ಒಂದಾದ ಮೇಲೊಂದು ಬರುವ ನಿರುಪದ್ರವಿ ತುಣುಕು ಚಿತ್ರಗಳು. ಪುಟದ ಕೊನೆಯೇ ಬಾರದಂತೆ ಕೆಳಗೆ ಜಾರುತ್ತಲೇ ಇರುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಜ಼ಾ ರಾಸ್ಕಿನ್ ಅವರೇ ಮುಂದೆ ಅದರ ಪರಿಣಾಮಕ್ಕಾಗಿ ವಿಷಾದಿಸಿದ್ದಾರೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಮನಸ್ಸಿನ ಒಂದು ಪಾಲು ಹಿಂದಿನದರಲ್ಲಿಯೇ ಉಳಿದುಬಿಡುತ್ತದೆ ಎಂದು ಸೋಫಿ ಲರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದರು. ಲೆಕ್ಕದ ಪುಸ್ತಕದ ಮುಂದೆ ಕುಳಿತ ಮಗು ಎರಡು ನಿಮಿಷ ಬೇರೆಡೆ ನೋಡಿದರೆ ನಷ್ಟವಾಗುವುದು ಎರಡೇ ನಿಮಿಷವಲ್ಲ ಎಂದು ಇದರ ತಾತ್ಪರ್ಯ.

ಎರಡನೆಯ ಉತ್ತರ ಇದಕ್ಕಿಂತ ಗಂಭೀರವಾದುದು. ಇಲ್ಲಿನ ಭಾರತೀಯ ಶಾಲೆಗಳಲ್ಲಿ ಹನ್ನೆರಡನೆಯ ತರಗತಿ ಮುಗಿಸಿದ ತಮ್ಮ ಮಕ್ಕಳಲ್ಲಿ ಅನೇಕರು ಮುಂದಿನ ಓದಿಗೆ ಬೆಂಗಳೂರಿಗೋ ಮಂಗಳೂರಿಗೋ ಮಣಿಪಾಲಕ್ಕೋ ಹೋಗುತ್ತಾರೆ. ವಿಮಾನ ದಮ್ಮಾಮನ್ನು ಬಿಟ್ಟೊಡನೆ ಈ ದೇಶದ ಬೇಲಿ ಹಿಂದೆ ಉಳಿಯುತ್ತದೆ. ಅದೇ ದಿನ ತಂದೆತಾಯಿಯರ ಕಣ್ಣೂ ಹಿಂದೆ ಉಳಿಯುತ್ತದೆ. ಹಾಸ್ಟೆಲಿನ ಕೋಣೆಯಲ್ಲಿ, ಕೈಯಲ್ಲಿ ತನ್ನದೇ ಫೋನ್ ಹಿಡಿದು, ರಾತ್ರಿ ಹನ್ನೊಂದು ಗಂಟೆಗೆ ಆ ಹದಿನೆಂಟರ ಹುಡುಗ ಅಥವಾ ಹುಡುಗಿ ಒಂಟಿಯಾಗಿ ನಿರ್ಧರಿಸಬೇಕು. ಅಂದು ಜೊತೆಗೆ ಹೋಗುವುದು ಅಭ್ಯಾಸ ಒಂದೇ. ಬೇಲಿ ಊರಿಗೆ ಸೇರಿದ್ದು, ಅಭ್ಯಾಸ ವ್ಯಕ್ತಿಗೆ ಸೇರಿದ್ದು. ಆದ್ದರಿಂದ ಮನೆಯ ಬೇಲಿಯ ಗುರಿ ಮಗುವನ್ನು ಕಟ್ಟಿಹಾಕುವುದಲ್ಲ, ತನ್ನ ಬೇಲಿಯನ್ನು ತಾನೇ ಹಾಕಿಕೊಳ್ಳಲು ಅದಕ್ಕೆ ಕಲಿಸುವುದು.

ಇನ್ನು ಉಪಾಯಗಳನ್ನು ನೋಡೋಣ.

ಮೊದಲ ಹಂತ ಮನೆಯ ರೂಟರಿನಲ್ಲಿ. ನಾವು ಬರೆಯುವ ತಾಣದ ಹೆಸರನ್ನು ಅಂಕಿಗಳ ವಿಳಾಸವಾಗಿ ಬದಲಿಸಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ. ಇದು ಜಾಲದ ಟೆಲಿಫೋನ್ ಡೈರೆಕ್ಟರಿ ಇದ್ದಂತೆ. ಕ್ಲೌಡ್‌ಫ್ಲೇರ್ ಸಂಸ್ಥೆ 2020ರಲ್ಲಿ ಕುಟುಂಬಗಳಿಗೆಂದೇ ಇಂಥದೊಂದು ಉಚಿತ ಸೇವೆಯನ್ನು ಆರಂಭಿಸಿತು. ರೂಟರಿನಲ್ಲಿ 1.1.1.3 ಎಂಬ ವಿಳಾಸವನ್ನು ತುಂಬಿದರೆ, ಹಾನಿಕರ ತಂತ್ರಾಂಶ ಹರಡುವ ತಾಣಗಳ ಮತ್ತು ಅಶ್ಲೀಲ ತಾಣಗಳ ಹೆಸರಿಗೆ ಆ ಡೈರೆಕ್ಟರಿ ಉತ್ತರ ಕೊಡುವುದಿಲ್ಲ. ಆದರೆ ಇದಕ್ಕೆ ಕಾಣುವುದು ಮನೆಯ ಹೆಸರು ಮಾತ್ರ, ಮನೆಯೊಳಗಿನ ಕೋಣೆಗಳಲ್ಲ. ಯೂಟ್ಯೂಬಿನ ಗಣಿತಪಾಠವೂ ಅದರ ಪಕ್ಕದ ಹುಡುಗಾಟವೂ ಒಂದೇ ಹೆಸರಿನಡಿಯಲ್ಲಿವೆ. ತಡೆದರೆ ಎರಡಕ್ಕೂ ತಡೆ. ಮೊಬೈಲ್ ಡೇಟಾಕ್ಕೆ ಬದಲಿಸಿಕೊಂಡ ಫೋನಿಗೆ ಈ ತಡೆ ಇಲ್ಲವೇ ಇಲ್ಲ.

ಎರಡನೆಯ ಹಂತ ಬ್ರೌಸರಿನಲ್ಲಿ. ಇಲ್ಲಿ ಸೂಕ್ಷ್ಮವಾದ ಕೆಲಸ ಸಾಧ್ಯ. ಲೀಚ್‌ಬ್ಲಾಕ್ ಎಂಬ ಉಚಿತ ಸೇರ್ಪಡೆಗೆ ತಾಣಗಳ ಪಟ್ಟಿಯನ್ನೂ ವೇಳೆಯನ್ನೂ ಕೊಡಬಹುದು: ಸಂಜೆ ಐದರಿಂದ ಎಂಟರವರೆಗೆ ಇವು ಬೇಡ, ಅಥವಾ ದಿನಕ್ಕೆ ಅರ್ಧ ಗಂಟೆ ಮಾತ್ರ ಎಂಬಂತೆ. ಯುಬ್ಲಾಕ್ ಒರಿಜಿನ್ ಎಂಬುದು ಜಾಹೀರಾತುಗಳನ್ನು ತಡೆಯುವುದಲ್ಲದೆ, ಪುಟದ ಯಾವುದಾದರೂ ಒಂದು ಭಾಗವನ್ನು ಮರೆಮಾಡಲೂ ಬಲ್ಲದು. ಪಾಠವನ್ನು ಉಳಿಸಿಕೊಂಡು ಪಕ್ಕದ ಸಾಲನ್ನು ಅಳಿಸಬಹುದು. ಕ್ರೋಮ್ ತನ್ನ ನಿಯಮಗಳನ್ನು ಬದಲಿಸಿದ್ದರಿಂದ 2025ರಲ್ಲಿ ಇದರ ಪೂರ್ಣರೂಪ ಅಲ್ಲಿ ನಿಂತುಹೋಯಿತು. ಅಲ್ಲಿ ಈಗ ಸಿಗುವುದು ಲೈಟ್ ಎಂಬ ಕಿರಿಯ ರೂಪ. ಪೂರ್ಣರೂಪ ಬೇಕಾದವರು ಫೈರ್‌ಫಾಕ್ಸನ್ನು ಬಳಸಬಹುದು. ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸಿನಲ್ಲಿಯೂ ಅದು ನಡೆಯುತ್ತದೆ.

ಮೂರನೆಯ ಉಪಾಯಕ್ಕೆ ಯಾವ ಸೇರ್ಪಡೆಯೂ ಬೇಕಾಗಿಲ್ಲ. ಬ್ರೌಸರಿನ ಸೆಟ್ಟಿಂಗಿಗೆ ಹೋಗಿ, ಜಾಲತಾಣಗಳು ನೋಟಿಫಿಕೇಶನ್ ಕಳಿಸಲು ಅನುಮತಿ ಕೇಳುವುದನ್ನೇ ನಿಲ್ಲಿಸಿ. ಓದಿಗೆ ಒಂದು ಪ್ರೊಫೈಲ್, ವಿನೋದಕ್ಕೆ ಇನ್ನೊಂದು ಪ್ರೊಫೈಲ್ ಮಾಡಿ. ಓದುವ ಕೋಣೆಯಲ್ಲಿ ಆಟದ ಸಾಮಾನು ಇಡದಿರುವ ಪದ್ಧತಿಯೇ ಇದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬೇಲಿಯೇ ಎದ್ದು ಹೊಲ ಮೇದಂತೆ ಎಂಬ ಗಾದೆ ನಮ್ಮಲ್ಲಿದೆ. ಇಂಥ ಸೇರ್ಪಡೆಗಳಲ್ಲಿ ಹೆಚ್ಚಿನವು ನಾವು ನೋಡುವ ಪುಟಗಳನ್ನೆಲ್ಲ ಓದುವ ಅನುಮತಿ ಪಡೆಯುತ್ತವೆ. ಜಾಹೀರಾತು ತಡೆಯುವ ಸೋಗಿನ ಐದು ನಕಲಿ ಸೇರ್ಪಡೆಗಳು ಕ್ರೋಮಿನ ಅಂಗಡಿಯಲ್ಲಿದ್ದುದನ್ನು 2018ರಲ್ಲಿ ಆ್ಯಡ್‌ಗಾರ್ಡ್ ಸಂಸ್ಥೆ ಬಯಲಿಗೆಳೆಯಿತು. ಅವುಗಳನ್ನು ಹಾಕಿಕೊಂಡವರ ಸಂಖ್ಯೆ ಎರಡು ಕೋಟಿ ಮೀರಿತ್ತು. ಆದ್ದರಿಂದ ಹೆಸರನ್ನೂ ಕರ್ತೃವನ್ನೂ ಚೆನ್ನಾಗಿ ನೋಡಿ ಹಾಕಿಕೊಳ್ಳಿ. ಒಂದೆರಡು ಸಾಕು, ಹತ್ತು ಬೇಡ.

ಯಂತ್ರದ ಮಾತು ಇಲ್ಲಿಗೆ ಮುಗಿಯಿತು. ಮೊದಲು ಹೇಳಿದ ಮೂರು ಪಾಠಗಳನ್ನು ಈಗ ಮನೆಗೆ ಅನ್ವಯಿಸೋಣ. ಪಟ್ಟಿ ತಪ್ಪಬಹುದು, ಆದ್ದರಿಂದ ಮಗು ಬಂದು, ಶಾಲೆಯ ಕೆಲಸಕ್ಕೆ ಬೇಕಾದ ಪುಟವೇ ತೆರೆಯುತ್ತಿಲ್ಲ ಎಂದಾಗ ಗದರಿಸದೆ ನೋಡಿ. ಬೇಲಿ ಬಹಿರಂಗವಾಗಿರಲಿ: ಮಕ್ಕಳಿಗೆ ತಿಳಿಯದಂತೆ ಹಾಕಿದ ತಡೆ ಗೊತ್ತಾದ ದಿನ ತಡೆಯೂ ಹೋಗುತ್ತದೆ, ವಿಶ್ವಾಸವೂ ಹೋಗುತ್ತದೆ. ವರ್ಷಕ್ಕೊಮ್ಮೆ ಅದನ್ನು ಸಡಿಲಿಸುತ್ತ ಬನ್ನಿ. ಹತ್ತರ ಮಗುವಿಗೆ ತಂದೆತಾಯಿಯರೇ ಪಟ್ಟಿ ಬರೆಯಲಿ. ಹದಿನಾಲ್ಕರ ಮಗುವಿನೊಡನೆ ಕೂತು ಬರೆಯಲಿ. ಹದಿನೇಳರ ಮಗು ತಾನೇ ಬರೆದುಕೊಳ್ಳಲಿ. ಊರಿಗೆ ಹೊರಡುವ ಮುನ್ನ ಒಂದು ವರ್ಷವಾದರೂ ತನ್ನ ಬೇಲಿಯನ್ನು ತಾನೇ ಕಾದ ಅನುಭವ ಅದಕ್ಕಿರಬೇಕು.

ದೊಡ್ಡವರ ಹೆಸರೂ ಆ ಪಟ್ಟಿಯ ಕೆಳಗಿರಲಿ. ಊಟದ ಹೊತ್ತಿನಲ್ಲಿ ತಂದೆಯ ಫೋನ್ ಬೆಳಗುತ್ತಿದ್ದರೆ ಮಗುವಿಗೆ ಹೇಳುವ ಯಾವ ಮಾತಿಗೂ ತೂಕವಿರುವುದಿಲ್ಲ.

ಕೊನೆಯದಾಗಿ ಒಂದು ಮಾತು. ತಡೆದು ಉಳಿಸಿದ ಗಂಟೆಯನ್ನು ಖಾಲಿ ಬಿಟ್ಟರೆ ಅದು ಮತ್ತೆ ಪರದೆಗೇ ಮರಳುತ್ತದೆ. ಇಂಗ್ಲಿಷ್ ಶಾಲೆಯಿಂದ, ಹಿಂದಿ ಅರಬ್ಬಿಗಳ ಬೀದಿಯಿಂದ ಬರುವ ಮಗುವಿಗೆ ಕನ್ನಡ ಕಿವಿಗೆ ಬೀಳುವುದು ಮನೆಯೊಳಗೆ, ಅದೂ ಆ ಸಂಜೆಯ ಒಂದೆರಡು ಗಂಟೆಗಳಲ್ಲಿ. ಆ ಹೊತ್ತಿನಲ್ಲಿ ಅಜ್ಜಿಗೆ ಒಂದು ಕರೆ ಮಾಡಿಸಿ, ನಾಲ್ಕು ಸಾಲು ಕನ್ನಡ ಓದಿಸಿ, ಇಲ್ಲವೆ ಸುಮ್ಮನೆ ಕೂತು ಮಾತನಾಡಿ. ಬೇಡವಾದುದನ್ನು ಹೊರಗಿಡುವ ಶ್ರಮವೆಲ್ಲ ಬೇಕಾದುದು ಒಳಗೆ ಬಂದಾಗಲೇ ಸಾರ್ಥಕ.