ತಪಸ್ ಎಂಬ ವಿಮಾನ



ಜೀವಮಾನವೆಲ್ಲ ಕನ್ನಡ ಪಾಠ ಹೇಳಿಕೊಂಡಿದ್ದವನಿಗೆ ಸೈನ್ಯದ ವಿಮಾನದ ಸಮಾಚಾರವೇಕೆ ಎಂದು ನೀವು ಕೇಳಬಹುದು. ಕಾರಣ ಎರಡುಂಟು. ಮೊದಲನೆಯದಾಗಿ, ನಾನು ಹೇಳಹೊರಟಿರುವ ವಿಮಾನ ರೆಕ್ಕೆ ಬಿಚ್ಚಿದ್ದು ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಯಲಿನಲ್ಲಿ. ಎರಡನೆಯದಾಗಿ, ಅದರ ಹೆಸರು ‘ತಪಸ್’. ಇಂಗ್ಲಿಷಿನ ಕೆಲವು ಪದಗಳ ಮೊದಲಕ್ಷರಗಳನ್ನು ಪೋಣಿಸಿ ಮಾಡಿದ ಹೆಸರಾದರೂ, ಗಂಟೆಗಟ್ಟಲೆ ಒಂದೇ ಕಡೆಗೆ ದೃಷ್ಟಿ ನೆಟ್ಟಿರುವ ಯಂತ್ರಕ್ಕೆ ಅದು ಚೆನ್ನಾಗಿಯೇ ಒಪ್ಪುತ್ತದೆ.

ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯ ವಿಜ್ಞಾನಿಗಳು ಇದನ್ನು ರೂಪಿಸಿದರು. ಇದರ ಹಿಂದಿನ ಹೆಸರು ರುಸ್ತುಂ-2. ಬೆಂಗಳೂರಿನಲ್ಲಿಯೇ ದುಡಿದು ಕೀರ್ತಿಶೇಷರಾದ ವಿಮಾನವಿಜ್ಞಾನಿ ರುಸ್ತುಂ ದಮಾನಿಯಾ ಅವರ ಸ್ಮರಣೆಗಾಗಿ ಇಟ್ಟದ್ದು. ರೆಕ್ಕೆಯ ತುದಿಯಿಂದ ತುದಿಗೆ 20.6 ಮೀಟರು, ಒಳಗೆ ಚಾಲಕನಿಲ್ಲ, ಆಯುಧವೂ ಇಲ್ಲ. ಅದನ್ನು ನಡೆಸುವವರು ನೆಲದ ಮೇಲೆ ಪರದೆಯ ಮುಂದೆ ಕುಳಿತಿರುತ್ತಾರೆ. 2016ರ ನವೆಂಬರ್‌ನಲ್ಲಿ ಅದು ಮೊದಲ ಬಾರಿಗೆ ಹಾರಿತು. 30,000 ಅಡಿ ಎತ್ತರದಲ್ಲಿ 24 ಗಂಟೆಗಳ ಕಾಲ ಕಾವಲಿರಬೇಕೆಂಬುದು ಅದರ ಗುರಿಯಾಗಿತ್ತು.

ಅದು ನೋಡುವ ಬಗೆ ಸ್ವಾರಸ್ಯವಾದದ್ದು. ಅದಕ್ಕೆ ಮೂರು ಕಣ್ಣುಗಳೆನ್ನಬಹುದು. ಒಂದು, ಹಗಲು ಬೆಳಕಿನಲ್ಲಿ ದೂರದ್ದನ್ನು ಹತ್ತಿರಕ್ಕೆ ತಂದು ತೋರುವ ಕ್ಯಾಮೆರಾ. ಎರಡನೆಯದು ಶಾಖದ ಕಣ್ಣು. ಕಾರಿರುಳಿನಲ್ಲಿಯೂ ಮನುಷ್ಯನ ಮೈ, ದನದ ಮೈ, ಆಗತಾನೇ ನಿಂತ ಲಾರಿಯ ಎಂಜಿನ್ನು ಸುತ್ತಲಿನ ನೆಲಕ್ಕಿಂತ ಬಿಸಿಯಾಗಿರುತ್ತವೆ. ಆ ಬಿಸಿಯನ್ನೇ ಅದು ಚಿತ್ರವಾಗಿ ಬರೆಯುತ್ತದೆ. ಮೂರನೆಯದು ರೇಡಾರ್. ಹಾರುತ್ತ ಹಾರುತ್ತ ಅಲೆಗಳನ್ನು ಕಳಿಸಿ, ಬೇರೆಬೇರೆ ತಾಣಗಳಲ್ಲಿ ಮರಳಿದ ಅಲೆಗಳನ್ನೆಲ್ಲ ಕೂಡಿಸಿಕೊಂಡು, ಪುಟ್ಟ ಆಂಟೆನಾ ಒಂದು ಬಹು ದೊಡ್ಡ ಆಂಟೆನಾದ ಕೆಲಸ ಮಾಡುತ್ತದೆ. ಮೋಡ ಕವಿದರೂ ಈ ಕಣ್ಣು ಮಂಜಾಗುವುದಿಲ್ಲ.

ಎತ್ತರಕ್ಕೂ ದೃಷ್ಟಿಗೂ ಇರುವ ನಂಟು ಮರ ಹತ್ತಿದ ಹುಡುಗನಿಗೆ ತಿಳಿದದ್ದೇ. ಭೂಮಿ ಗುಂಡಗಿರುವುದರಿಂದ ನೆಲದ ಮೇಲೆ ನಿಂತವನಿಗೆ ನಾಲ್ಕೈದು ಕಿಲೋಮೀಟರಿಗೇ ದಿಗಂತ ಮುಗಿಯುತ್ತದೆ. 20,000 ಅಡಿ ಮೇಲೇರಿದರೆ ಅದು ಸುಮಾರು 280 ಕಿಲೋಮೀಟರು ದೂರ ಸರಿಯುತ್ತದೆ. 2023ರ ಜೂನ್ 16ರಂದು ಇದರ ಪ್ರಯೋಜನ ಕಂಡಿತು. ಚಳ್ಳಕೆರೆಯಿಂದ ಎದ್ದ ತಪಸ್ ಆ ಎತ್ತರದಲ್ಲಿ ಮೂರೂವರೆ ಗಂಟೆ ಹಾರಿತು. ನಡುವೆ 40 ನಿಮಿಷ ಅದರ ಸೂತ್ರ, ಕಾರವಾರದಿಂದ 148 ಕಿಲೋಮೀಟರು ಆಚೆ ಕಡಲಿನಲ್ಲಿದ್ದ ‘ಐಎನ್‌ಎಸ್ ಸುಭದ್ರಾ’ ಹಡಗಿನವರ ಕೈಯಲ್ಲಿತ್ತು. ಬಯಲುಸೀಮೆಯಲ್ಲಿ ಎದ್ದದ್ದನ್ನು ಕಡಲಿನವರು ಆಡಿಸಿದರು.

ಆದರೂ ತಪಸ್ಸು ಸುಲಭವಾಗಿ ಸಿದ್ಧಿಸುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ಒಂದು, 2023ರ ಆಗಸ್ಟಿನಲ್ಲಿ ಇನ್ನೊಂದು ವಿಮಾನ ಅದೇ ಜಿಲ್ಲೆಯ ಹೊಲಗಳಲ್ಲಿ ಬಿದ್ದುವು. ಮುಟ್ಟಿದ ಮಟ್ಟ 28,000 ಅಡಿ, 18 ಗಂಟೆ. ಸೇನೆಗಳು ಬೇಡಿದ್ದು ಅದಕ್ಕಿಂತ ಹೆಚ್ಚು. ಆದ್ಯತೆಯ ಯೋಜನೆಗಳ ಸಾಲಿನಿಂದ ಅದನ್ನು ಕೈಬಿಟ್ಟರೆಂದು 2024ರ ಜನವರಿಯಲ್ಲಿ ಪತ್ರಿಕೆಗಳು ಬರೆದುವು. ವಿಜ್ಞಾನದಲ್ಲಿ ಇಂಥ ಸೋಲು ನಾಚಿಕೆಯ ಮಾತಲ್ಲ; ಮುಂದಿನ ಯಂತ್ರಕ್ಕೆ ಅದೇ ಪಾಠ.

ನನ್ನ ಚಿಂತೆ ಬೇರೆಯದು. ಯಂತ್ರದ ಕಣ್ಣಿಗೆ ಶಾಖ ಕಾಣುತ್ತದೆ; ಆ ಶಾಖದೊಡೆಯ ಕುರಿಗಾಹಿಯೋ ಹಗೆಯೋ ಎಂಬುದು ಕಾಣುವುದಿಲ್ಲ. ಅದನ್ನು ಹೇಳಬೇಕಾದವನು ಮನುಷ್ಯ. ರಾಮಾಯಣದ ದಶರಥನ ಕಥೆ ನಿಮಗೆಲ್ಲ ತಿಳಿದದ್ದು. ಅವನು ಶಬ್ದವೇಧಿ. ಕತ್ತಲೆಯಲ್ಲಿ ಅವನ ಬಾಣ ಗುರಿ ತಪ್ಪಲಿಲ್ಲ. ಶಬ್ದ ಬಂದಲ್ಲಿಗೇ ನಾಟಿತು. ತಪ್ಪಿದ್ದು ಬಾಣವಲ್ಲ, ಅರ್ಥ. ಆನೆ ನೀರು ಕುಡಿಯುತ್ತಿದೆಯೆಂದು ಅವನು ತಿಳಿದ. ತುಂಬುತ್ತಿದ್ದುದು ಕುರುಡು ತಾಯಿತಂದೆಯರ ಮಗನ ಕೊಡ.

ಇದು ಪುರಾಣದ ಮಾತಷ್ಟೇ ಅಲ್ಲ. 2010ರ ಫೆಬ್ರವರಿ 21ರಂದು ಆಫ್ಘಾನಿಸ್ತಾನದ ಉರುಜ್‌ಗಾನ್ ಪ್ರಾಂತದಲ್ಲಿ ಮೂರು ವಾಹನಗಳು ಸಾಗುತ್ತಿದ್ದುವು. ಅಮೆರಿಕದ ‘ಪ್ರಿಡೇಟರ್’ ಎಂಬ ಚಾಲಕರಹಿತ ವಿಮಾನ ಗಂಟೆಗಟ್ಟಲೆ ಅವುಗಳ ಬೆನ್ನು ಹಿಡಿದಿತ್ತು. ದೂರದ ಅಮೆರಿಕದಲ್ಲಿ ಪರದೆ ನೋಡುತ್ತಿದ್ದವರಿಗೆ ಮಕ್ಕಳೂ ಕಂಡರು. ಮಕ್ಕಳಿದ್ದಾರೆಂದು ವರದಿಯೂ ಹೋಯಿತು. ಬಾಯಿಂದ ಬಾಯಿಗೆ ಸಾಗುವಾಗ ‘ಮಕ್ಕಳು’ ಎಂಬುದು ‘ಹದಿಹರೆಯದವರು’ ಎಂದಾಯಿತು. ಹದಿಹರೆಯದವರು ಆಯುಧ ಹಿಡಿಯಬಲ್ಲರು ಎಂದಾಯಿತು. ಕೊನೆಗೆ ಹೆಲಿಕಾಪ್ಟರುಗಳು ದಾಳಿಮಾಡಿ ಇಪ್ಪತ್ತಕ್ಕೂ ಮಿಕ್ಕ ನಾಗರಿಕರು ಸತ್ತರು. ಆ ಸೈನ್ಯದ ತನಿಖೆಯೇ ವಿಮಾನದ ತಂಡದ ವರದಿ ತಪ್ಪಾಗಿತ್ತೆಂದು ಹೇಳಿತು. ಶಬ್ದವೆಂದರೆ ಸದ್ದೂ ಹೌದು, ಪದವೂ ಹೌದು. ಒಂದು ಪದ ಜಾರಿತು. ಅದರೊಡನೆ ಅಷ್ಟು ಪ್ರಾಣಗಳೂ ಜಾರಿದುವು. ಭಾಷೆಯ ಮೇಷ್ಟರು ಇಂಥ ವಿಷಯದಲ್ಲಿ ಮಾತಾಡುವುದಕ್ಕೆ ಇದಕ್ಕಿಂತ ಬೇರೆ ಅಧಿಕಾರಪತ್ರ ಬೇಕಿಲ್ಲ.

ಇನ್ನೊಂದು ಮಾತು. ತಪಸ್ ಎದ್ದ ಆ ನೆಲ ಅಮೃತಮಹಲ್ ಕಾವಲು. ಮೈಸೂರಿನ ಅರಸರ ಕಾಲದಿಂದ ದನಗಳಿಗೆಂದು ಉಳಿದುಬಂದ ಹುಲ್ಲುಗಾವಲು. ಕುರಿ ಮೇಯಿಸಿ, ಕಂಬಳಿ ನೇಯ್ದು ಬಾಳುವ ಊರುಗಳು ಅದರ ಅಂಚಿನಲ್ಲಿವೆ. ಕಾವಲಿನ ಸಾವಿರಾರು ಎಕರೆ ಸಂಸ್ಥೆಗಳ ಪಾಲಾದಾಗ ಆ ಜನರ ಅಳಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ದನದ ಕಾವಲಿಗೂ ದೇಶದ ಕಾವಲಿಗೂ ಕನ್ನಡದಲ್ಲಿ ಒಂದೇ ಪದವೆಂಬುದು ಆಕಸ್ಮಿಕವಲ್ಲ. ಗಡಿ ಕಾಯುವ ಯಂತ್ರ ಬೇಡವೆಂದು ಯಾವ ವಿವೇಕಿಯೂ ಹೇಳಲಾರ. ಆದರೆ ದೂರದ ದಿಗಂತವನ್ನು ಅಳೆಯುವ ರಾಜ್ಯಕ್ಕೆ ಬೇಲಿಯಾಚೆ ನಿಂತ ಕುರಿಗಾಹಿಯೂ ಕಾಣಬೇಕು. ಕಂಡದ್ದು ಏನೆಂದು ಸ್ಪಷ್ಟವಾಗದಿದ್ದಾಗ ‘ಸ್ಪಷ್ಟವಿಲ್ಲ’ ಎಂದು ನುಡಿಯುವ ಧೈರ್ಯ ಪರದೆಯ ಮುಂದೆ ಕುಳಿತವನಿಗಿರಬೇಕು. ಅದನ್ನು ಕೇಳಿಸಿಕೊಳ್ಳುವ ತಾಳ್ಮೆ ಅವನ ಮೇಲಿನವರಿಗೂ ಇರಬೇಕು.