ಕಿತ್ತೂರು ನಾಡಿನ ಸ್ಮಾರಕಗಳು ಮತ್ತು ನಮ್ಮ ಹೊಣೆ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರು ಕೋಟೆಯ ಮುಂದೆ ಹತನಾದ. ಅಂದು ಗೆದ್ದದ್ದು ಕಿತ್ತೂರು. ಆದರೆ ಸತ್ತ ಕಲೆಕ್ಟರನ ಹೆಸರಿನಲ್ಲಿ ಧಾರವಾಡದಲ್ಲಿ ಕಲ್ಲಿನ ಸ್ಮಾರಕ ಎದ್ದಿತು. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ರಾಣಿ ಚನ್ನಮ್ಮನವರು ಬೈಲಹೊಂಗಲದಲ್ಲಿ ಸೆರೆಯಾಳಾಗಿದ್ದು, 1829ರಲ್ಲಿ ಅಲ್ಲಿಯೇ ಲಿಂಗೈಕ್ಯರಾದರು. ಹೋರಾಟ ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಸ್ಮಾರಕ ಕಟ್ಟಿಸುವ ಅಧಿಕಾರ ಆಳುವವರ ಕೈಯಲ್ಲಿತ್ತು. ಸೋತ ನಾಡಿನ ನೆನಪನ್ನು ಉಳಿಸಿದವರು ಊರೂರು ತಿರುಗಿದ ಲಾವಣಿಕಾರರು. ಬ್ರಿಟಿಷ್ ಅಧಿಕಾರಿಯಾಗಿದ್ದ ಫ್ಲೀಟ್ ಅವರೇ 19ನೆಯ ಶತಮಾನದಲ್ಲಿ ರಾಯಣ್ಣನ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಅಂದರೆ ಬಂಡೆದ್ದವನ ಹೆಸರು ಆಗಲೂ ಜನರ ನಾಲಿಗೆಯ ಮೇಲಿತ್ತು. ಶರಣರ ಮಾತಿನಲ್ಲಿ ಹೇಳುವುದಾದರೆ, ಆಳುವವರ ನೆನಪು ಸ್ಥಾವರವಾಗಿ ನಿಂತಿತು, ನಮ್ಮ ನೆನಪು ಜಂಗಮವಾಗಿ ನಡೆಯಿತು.

ಇಂದು ಕಾಲ ಬದಲಾಗಿದೆ. ಹುಬ್ಬಳ್ಳಿಯ ವೃತ್ತದಲ್ಲಿ ಚನ್ನಮ್ಮನವರ ಪ್ರತಿಮೆಯಿದೆ. 2007ರಲ್ಲಿ ಸಂಸತ್ತಿನ ಆವರಣದಲ್ಲಿಯೂ ಪ್ರತಿಮೆ ನಿಂತಿತು. ಇದು ಹೆಮ್ಮೆಯ ವಿಷಯವೇ. ಆದರೆ ಪ್ರತಿಮೆ ಎಲ್ಲವನ್ನೂ ಹೇಳಲಾರದು. ಮೊದಲ ಯುದ್ಧದಲ್ಲಿ ಸ್ಟೀವನ್ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಕಿತ್ತೂರಿಗೆ ಸೆರೆಸಿಕ್ಕಿದ್ದರು. ಅವರ ಜೀವಕ್ಕೆ ಅಪಾಯ ಮಾಡದೆ ಬಿಡುಗಡೆ ಮಾಡಲಾಯಿತು. ಕುದುರೆಯೇರಿ ಕತ್ತಿ ಹಿಡಿದ ಮೂರ್ತಿಯಲ್ಲಿ ಈ ದಯೆ ಕಾಣುವುದೆಲ್ಲಿ? ಅದನ್ನು ನಾವೇ ಬಾಯಿಬಿಟ್ಟು ಹೇಳಬೇಕು.

ಇನ್ನೂ ನೋವಿನ ಸಂಗತಿಯೊಂದಿದೆ. ಚನ್ನಮ್ಮ ಲಿಂಗಾಯತರವಳು, ರಾಯಣ್ಣ ಕುರುಬರವನು ಎಂದು ಹಂಚಿಕೊಳ್ಳುವ ಮಾತು ಕೇಳಿಬರುತ್ತದೆ. ಜಯಂತಿಗೆ ಒಂದು ಪ್ರತಿಮೆಗೆ ಹಾರ ಹಾಕಿದವರು ಇನ್ನೊಂದರ ಕಡೆ ತಿರುಗಿ ನೋಡುವುದಿಲ್ಲ. ಒಂದೇ ಸಂಸ್ಥಾನಕ್ಕಾಗಿ ಹೋರಾಡಿದವರನ್ನು ಜಾತಿಯ ಗೋಡೆ ಕಟ್ಟಿ ಬೇರೆ ಮಾಡುವುದು ಬಸವತತ್ತ್ವವಲ್ಲ. ಇವನಾರವ ಎಂದು ಕೇಳಬಾರದೆಂದು ಕಲಿತ ನಾವು ಹುತಾತ್ಮರ ಕುಲವನ್ನು ಕೇಳಬಹುದೇ?

ಆದ್ದರಿಂದ ನನ್ನದೊಂದು ವಿನಂತಿ. ಹೊಸ ಪ್ರತಿಮೆಗೆ ದೇಣಿಗೆ ಎತ್ತುವ ಮೊದಲು, ಮಠದ ವಿದ್ಯಾರ್ಥಿಗಳನ್ನು ಬೈಲಹೊಂಗಲದ ಸಮಾಧಿಗೂ ನಂದಗಡಕ್ಕೂ ಒಂದೇ ಪ್ರವಾಸದಲ್ಲಿ ಕರೆದೊಯ್ಯಿರಿ. ಎರಡೂ ಕಡೆ ಇಬ್ಬರ ಕಥೆಯನ್ನೂ ಹೇಳಿಸಿರಿ. ಆ ಮಕ್ಕಳು ಮನೆಗೆ ಹೋಗಿ ಅದನ್ನು ಮತ್ತೊಬ್ಬರಿಗೆ ಹೇಳಿದರೆ, ಲಾವಣಿಕಾರರು ನಡೆಸಿಕೊಂಡು ಬಂದ ಕಾಯಕ ಮುಂದುವರಿಯುತ್ತದೆ.