ಬಣ್ಣದ ಅಡಿಯ ತುಕ್ಕು

ರಾಮೇಶ್ವರಕ್ಕೆ ರೈಲಿನಲ್ಲಿ ಹೋದವರು ಪಾಂಬನ್ ಸೇತುವೆಯನ್ನು ಮರೆಯುವುದುಂಟೇ? 1914ರಲ್ಲಿ ತೆರೆದ ಆ ಹಳೆಯ ಸೇತುವೆಯ ಮೇಲೆ 2022ರ ಡಿಸೆಂಬರ್‌ನಲ್ಲಿ ರೈಲು ನಿಂತಿತು. ಪಕ್ಕದ ಹೊಸ ಸೇತುವೆ 2025ರ ಏಪ್ರಿಲ್ 6ರಂದು ಉದ್ಘಾಟನೆಯಾಯಿತು. ಉಪ್ಪುಗಾಳಿ ಮಾತ್ರ ಅದೇ. ಕಬ್ಬಿಣಕ್ಕೂ ಆ ಗಾಳಿಗೂ ನಡುವೆ ಇರುವುದು ತೆಳ್ಳಗಿನ ಬಣ್ಣದ ಪದರ.

ಮುಂಬಯಿ, ಚೆನ್ನೈನ ನಮ್ಮ ಸೊಸೈಟಿಗಳ ಕಬ್ಬಿಣದ ಮೆಟ್ಟಿಲು, ನೀರಿನ ಟ್ಯಾಂಕಿನ ಸ್ಟ್ಯಾಂಡುಗಳದೂ ಇದೇ ಪಾಡು. ಬಣ್ಣದವನು "ಮೂರು ಕೋಟು ಹೊಡೆದಿದ್ದೇನೆ ಸಾರ್" ಅನ್ನುತ್ತಾನೆ. ಹೊಳಪು ನೋಡಿ ನಾವು ಬಿಲ್ಲು ಕೊಟ್ಟುಬಿಡುತ್ತೇವೆ. ದಪ್ಪ ಕಣ್ಣಿಗೆ ಕಾಣುವುದಿಲ್ಲವಲ್ಲ! ಅದಕ್ಕೆಂದೇ ಅಂಗೈಯಗಲದ ಒಂದು ಮೀಟರು ಉಂಟು. ಒಣಗಿದ ಬಣ್ಣದ ಮೇಲೆ ಅದರ ಮೂತಿ ಒತ್ತಿದರೆ ಎಷ್ಟು ಮೈಕ್ರಾನ್ ಎಂದು ತೋರಿಸುತ್ತದೆ. ಒಂದೇ ಕಡೆ ಒತ್ತಿದರೆ ಸಾಲದು, ಹತ್ತಾರು ಕಡೆ ನೋಡಬೇಕು. ಚೂಪು ಅಂಚಿನಲ್ಲಿ ಆ ಮೀಟರನ್ನೂ ನಂಬುವಂತಿಲ್ಲ. ಆದರೆ ಬಣ್ಣ ತೆಳುವಾಗಿ ತುಕ್ಕು ಶುರುವಾಗುವುದು ಹೆಚ್ಚಾಗಿ ಅಲ್ಲೇ. ಹಾಗಾಗಿ ಅಂಚು, ಬೋಲ್ಟು, ವೆಲ್ಡಿಂಗ್ ಗೆರೆಗಳಿಗೆ ಬ್ರಶ್ಶಿನಿಂದ ಒಂದು ಕೈ ಹೆಚ್ಚಿಗೆ ಬಳಿಸಬೇಕು.

ಹಿಡಿತ ಪರೀಕ್ಷಿಸಲು ಬ್ಲೇಡಿನಿಂದ ಚೌಕಳಿ ಗೀರಿ, ಟೇಪು ಅಂಟಿಸಿ ಎಳೆಯುತ್ತಾರೆ. ಬಣ್ಣ ಟೇಪಿನ ಜೊತೆ ಕಬ್ಬಿಣದಿಂದಲೇ ಎದ್ದು ಬಂದರೆ, ಅಡಿಯಲ್ಲಿ ತುಕ್ಕೋ ಎಣ್ಣೆಯೋ ಉಪ್ಪೋ ಉಳಿದಿತ್ತೇ ಎಂದು ಬಣ್ಣದವನನ್ನು ಕೇಳಲೇಬೇಕು. ಗೀರಿದ ಜಾಗಕ್ಕೆ ಮತ್ತೆ ಬಣ್ಣ ಹಚ್ಚಿಸಲು ಮರೆಯಬೇಡಿ, ಇಲ್ಲವಾದರೆ ತುಕ್ಕಿಗೆ ನಾವೇ ಬಾಗಿಲು ತೆರೆದಂತೆ.

ಇವನ್ನೆಲ್ಲ ಬಿಲ್ಲಿಗೆ ಸಹಿ ಹಾಕುವ ಮುಂಚೆ ಮಾಡಿಸಿ. ಹಳೆಯ ಸ್ಟ್ಯಾಂಡಾದರೆ ಎಂಜಿನಿಯರನ್ನೇ ಕರೆಸಿ, ತುಂಬಿದ ಟ್ಯಾಂಕಿನ ಕೆಳಗೆ ಮಕ್ಕಳು ಆಡುತ್ತಿರುತ್ತವೆ.

ಈಗೊಂದು ಭಾವಗೀತೆ ಕೇಳೋಣ.